ತೊಟ್ಟಿಲು ಹತ್ತುವ ತೂಕ

ಮಾರ್ಚ್ ೩, ಸೋಮವಾರ

ಬೈಯಲು ಯಾರೂ ಸಿಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಂಡತಿಯ ಮುಂದೆ ಬೈದರೆ ಇವಳು ನಗುತ್ತಾಳೆ. ಅತ್ತೆಯ ಮುಂದೆ ಬೈಯುವಂತಿಲ್ಲ, ಬೈಯಬೇಕಾದವರಲ್ಲಿ ಅವರ ಮಗನೂ ಒಬ್ಬ. ಮಗಳು ತನ್ನ ಖಾಲಿ ಡೈರಿಯೊಂದನ್ನು ತಂದುಕೊಟ್ಟು, "ಇದರಲ್ಲಿ ಎಷ್ಟು ಬೇಕಾದ್ರೂ ಬೈಕೋ ಅಪ್ಪಾ, ಯಾರಿಗೂ ಕೇಳಲ್ಲ" ಎಂದಳು.

ಮೊದಲಿನಿಂದ ಬರೆದರೇ ಸಿಟ್ಟು ಸರಿಯಾಗಿ ಬರುವುದು. ಎತ್ತರದ ಕಟ್ಟಡಗಳ ಗಾಜು ಒರೆಸುವುದು ನಮ್ಮ ಕೆಲಸ. ಮಾಳಿಗೆಯಿಂದ ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ ಉದ್ದನೆಯ ಕಬ್ಬಿಣದ ಬುಟ್ಟಿಯಲ್ಲಿ ಇಬ್ಬರು ನಿಂತು ಒರೆಸುತ್ತಾ ಇಳಿಯುತ್ತೇವೆ. ಅದಕ್ಕೆ ನಾವೆಲ್ಲ ತೊಟ್ಟಿಲು ಎನ್ನುತ್ತೇವೆ. ಇಷ್ಟು ವರ್ಷ ನಾನು ಮತ್ತು ಭಾಮೈದ, ಅಂದರೆ ಇವಳ ತಮ್ಮ, ಒಂದೇ ತೊಟ್ಟಿಲಿನಲ್ಲಿ ಬೆಳೆದ ಮಕ್ಕಳ ಹಾಗೆ ಜಗಳವಾಡಿಕೊಂಡು ಕೆಲಸ ಮಾಡಿದ್ದೇವೆ.

ಇವತ್ತು ಕಂಪನಿಗೆ ಹೊಸ ತೊಟ್ಟಿಲು ಬಂತು. ಅದಕ್ಕೊಂದು ಗಂಟೆ ಇದೆ. ಇಬ್ಬರು ಮನುಷ್ಯರು, ಎರಡು ಬಕೆಟ್ ನೀರು, ಸಾಮಾನು ಎಲ್ಲ ಸೇರಿ ತೂಕ ಮಿತಿ ಮೀರಿದರೆ ಅದು ಬಡಿದುಕೊಳ್ಳುತ್ತದೆ, ತೊಟ್ಟಿಲು ಅಲ್ಲಾಡುವುದಿಲ್ಲ. ನಾವಿಬ್ಬರೂ ಹತ್ತಿದೆವು. ಹೊಡೆಯಿತು ನೋಡಿ! ಬೀದಿಯ ಆಚೆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಭಾಮೈದ ಇಳಿದರೆ ಗಂಟೆ ನಿಲ್ಲುತ್ತದೆ. ನಾನು ಇಳಿದರೂ ನಿಲ್ಲುತ್ತದೆ. ಅಂದ ಮೇಲೆ ತಪ್ಪು ಇಬ್ಬರದೂ ತಾನೇ? ಆದರೆ ಎಲ್ಲರ ಕಣ್ಣೂ ನೆಟ್ಟಗೆ ನನ್ನ ಹೊಟ್ಟೆಯ ಮೇಲೆ.

ಸೇಫ್ಟಿ ಮೇಡಂ ಯಂತ್ರದ ಮುಖ ನೋಡಿ ಹೇಳಿದರು, "ಏಳು ಕೆಜಿ ಜಾಸ್ತಿ."

"ಒಂದು ಬಕೆಟ್ ನೀರು ಇಳಿಸಿಬಿಡಿ ಮೇಡಂ," ಎಂದೆ.

"ನೀರು ಬಿಟ್ಟು ಗಾಜನ್ನ ಯಾತರಲ್ಲಿ ತೊಳೀತೀರಿ? ಬೆವರಲ್ಲಾ?"

ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಭಾಮೈದನೂ ನಕ್ಕ, ಕಳ್ಳ. ಕೊನೆಗೆ ತೀರ್ಮಾನವಾದದ್ದು ಹೀಗೆ: ನಾನು ನೆಲದ ಮೇಲೆ ನಿಂತು ಅಂಗಡಿ, ಬ್ಯಾಂಕುಗಳ ಗಾಜು ಒರೆಸಬೇಕು. ನನ್ನ ಜಾಗಕ್ಕೆ ಕಡ್ಡಿ ಹೋಗುತ್ತಾನೆ. ಅವನ ನಿಜ ಹೆಸರು ಬೇರೆ, ಅವನನ್ನು ನೋಡಿದವರು ಯಾರೂ ಅದನ್ನು ಕೇಳುವುದಿಲ್ಲ. ಮೇಡಂ ಅಂದರು, "ಯಾವಾಗ ಬೇಕಾದ್ರೂ ಬಂದು ಹತ್ತಿ ನೋಡಿ. ಗಂಟೆ ಹೊಡೀಲಿಲ್ಲ ಅಂದ್ರೆ ಮೇಲೆ ಹೋಗಿ. ಜೂನ್‌ವರೆಗೂ ನಿಮ್ಮ ಜಾಗ ಹಾಗೇ ಇಟ್ಟಿರ್ತೀನಿ. ಆಮೇಲೆ ಕಡ್ಡಿನೇ ಖಾಯಂ. ನೀವು ಉಗ್ರಾಣದಲ್ಲಿ ಕೂತು ಬಕೆಟ್ ಹಂಚಿ."

ಉಗ್ರಾಣವಂತೆ! ಕಿಟಕಿಯೇ ಇಲ್ಲದ ಕೋಣೆ ಅದು. ಮೇಲೆ ಗಾಳಿ ಇದೆ, ಕಾಲ ಕೆಳಗೆ ಇಡೀ ಊರು ಇದೆ. ನೆಲದ ಮೇಲೆ ನಾನು ಬಸ್ಸಿನಲ್ಲಿ ಒಂದೂವರೆ ಸೀಟಿನ ಮನುಷ್ಯ. ಅಲ್ಲಿ ಹೋದರೆ ನನ್ನಷ್ಟು ಚುರುಕು ಇನ್ನೊಬ್ಬನಿಲ್ಲ. ಅದನ್ನು ಕಳೆದುಕೊಂಡು ನಾನು ಬದುಕುವುದು ಹೇಗೆ? ಬಿಡುವುದಿಲ್ಲ.

ಮಾರ್ಚ್ ೫, ಬುಧವಾರ

ಕ್ಷೌರದಂಗಡಿಯವನು ಪುಡಿಯ ಡಬ್ಬವೊಂದನ್ನು ಕೊಟ್ಟಿದ್ದಾನೆ. ಬೆಳಿಗ್ಗೆ ನೀರಿಗೆ ಕಲಸಿ ಒಂದು ಲೋಟ, ರಾತ್ರಿ ಒಂದು ಲೋಟ, ನಡುವೆ ಸೌತೆಕಾಯಿ. ಅಷ್ಟೇ. ಅವನ ಭಾವನ ಸ್ನೇಹಿತನೊಬ್ಬ ಇದನ್ನು ಕುಡಿದು ಗುರುತೇ ಸಿಗದ ಹಾಗೆ ಆಗಿಹೋದನಂತೆ. ರುಚಿ ಗೋಡೆಗೆ ಬಳಿಯುವ ಸುಣ್ಣದ್ದು.

ಇವಳು ಮೂಸಿ ನೋಡಿ ಮೂಗು ಮುರಿದಳು. "ಇದನ್ನ ಎಷ್ಟು ದಿನ ಕುಡೀತೀರಿ?"

"ಇಳಿಯೋವರೆಗೆ."

"ಇಳಿದ ಮೇಲೆ?"

"ಇಳಿದ ಮೇಲೆ ಊಟ ಮಾಡ್ತೀನಿ. ಇನ್ನೇನು?"

ಇವಳು ಅನ್ನ ಬಡಿಸಿಕೊಂಡು ನನ್ನ ಎದುರಿಗೇ ಕುಳಿತು ಉಂಡಳು. ಎಷ್ಟು ಕಲ್ಲುಮನಸ್ಸು!

ಮಾರ್ಚ್ ೯, ಭಾನುವಾರ

ಹಸಿವು. ಬರೆಯಲು ಶಕ್ತಿಯಿಲ್ಲ. ತೂಕ ಇಳಿಯುತ್ತಿದೆ.

ಮಾರ್ಚ್ ೧೩, ಗುರುವಾರ

ಪ್ಯಾಂಟು ಸಡಿಲವಾಗಿದೆ. ಖುಷಿಪಡಬೇಕು ನಿಜ, ಆದರೆ ಯಾರನ್ನು ಕಂಡರೂ ಪಿತ್ತ ನೆತ್ತಿಗೇರುತ್ತದೆ. ಮಗಳು ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ಆ ಚರಚರ ಸದ್ದಿಗೆ ನಾನು ಕೂಗಾಡಿದ ರೀತಿ ನೋಡಿ ಅವಳು ಪೊಟ್ಟಣ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕುಳಿತಳು. ಅತ್ತೆ, "ಅಳಿಯಂದಿರೇ, ನಿಮಗೆ ಕೈಮುಗೀತೀನಿ, ಒಂದು ತುತ್ತು ತಿಂದು ಮನುಷ್ಯರಾಗಿ," ಎಂದರು. ಅವರ ಮಾತಿಗೂ ಮೈ ಉರಿಯಿತು.

ಸೋಮವಾರ ಹತ್ತಿ ನೋಡುತ್ತೇನೆ. ಇನ್ನು ಸ್ವಲ್ಪವೇ ಉಳಿದಿರುವುದು. ಅದಕ್ಕೂ ನನ್ನ ಬಳಿ ಉಪಾಯವಿದೆ. ತೊಟ್ಟಿಲು ಭಾರವಾದರೆ ನಾವೇನು ಮಾಡುತ್ತಿದ್ದೆವು? ಬಕೆಟ್ಟಿನ ನೀರು ಚೆಲ್ಲುತ್ತಿದ್ದೆವು. ಬಕೆಟ್ಟಿಗೆ ಆಗುವುದು ನನಗೇಕೆ ಆಗಬಾರದು? ಭಾನುವಾರ ಮಧ್ಯಾಹ್ನದಿಂದ ಒಂದು ಹನಿ ನೀರು ಮುಟ್ಟುವುದಿಲ್ಲ. ನೀರಿನ ತೂಕ ನಮ್ಮಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಮಾರ್ಚ್ ೧೭, ಸೋಮವಾರ

ಗಂಟೆ ಹೊಡೆಯಲಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ. ಮೇಡಂ ಎರಡು ಸಲ ಯಂತ್ರ ನೋಡಿದರು, ಕಡ್ಡಿ ಬಾಯಿಬಿಟ್ಟು ನಿಂತ, ನಾನು ಅವನ ಕೈಯಿಂದ ಗಾಜು ಒರೆಸುವ ರಬ್ಬರ್ ಪಟ್ಟಿ ಕಿತ್ತುಕೊಂಡು ಮೇಲೆ ಹೋದೆ.

ಹನ್ನೊಂದನೇ ಮಹಡಿಯಲ್ಲಿ ಕಚೇರಿಯೊಂದರ ಗಾಜು. ಒಳಗೆ ಒಬ್ಬ ಹೆಂಗಸು ಮೇಜಿನ ಮುಂದೆ ಕುಳಿತು ನೀರು ಕುಡಿಯುತ್ತಿದ್ದಳು. ಗಾಜಿನ ಲೋಟ, ತುಂಬಿದ ನೀರು. ನಾನು ಒರೆಸುವುದನ್ನು ಬಿಟ್ಟು ಅದನ್ನೇ ನೋಡುತ್ತಾ ನಿಂತೆ. ಆಕೆ ಮುಖ ಗಂಟಿಕ್ಕಿಕೊಂಡು ಪರದೆ ಎಳೆದಳು. ಆ ಪರದೆ ಸರಿಯುತ್ತಿದ್ದ ಹಾಗೇ ಕಟ್ಟಡವೂ ಸರಿಯತೊಡಗಿತು. ಕಣ್ಣು ಕತ್ತಲೆ ಬಂತು. ಕೈ ನಡುಗಿ ಪಟ್ಟಿ ಜಾರಿತು. ಎಲ್ಲ ಸಾಮಾನನ್ನೂ ದಾರ ಕಟ್ಟಿಯೇ ಇಟ್ಟಿರುತ್ತೇವಾದ್ದರಿಂದ ಕೆಳಗೆ ಬೀಳಲಿಲ್ಲ, ಗಾಳಿಯಲ್ಲಿ ತೂಗಾಡಿತು. ನನಗೂ ಸೊಂಟಕ್ಕೆ ಬೆಲ್ಟು ಹಾಕಿ ಹಗ್ಗ ಕಟ್ಟಿತ್ತು, ಬೀಳುತ್ತಿರಲಿಲ್ಲ. ಆದರೆ ಮೊಣಕಾಲು ಮಡಚಿಕೊಂಡು ಕುಸಿದೆ. ಭಾಮೈದ ಕಾಲರ್ ಹಿಡಿದು ನನ್ನನ್ನು ತೊಟ್ಟಿಲ ತಳದಲ್ಲಿ ಕೂರಿಸಿ, ಒಂದೇ ಕೈಯಲ್ಲಿ ಗುಂಡಿ ಒತ್ತುತ್ತಾ ಕೆಳಗಿಳಿಸಿದ. ದಾರಿಯುದ್ದಕ್ಕೂ "ಭಾವ, ಮಾತಾಡಿ, ಏನಾದ್ರೂ ಮಾತಾಡಿ, ಬೇಕಾದ್ರೆ ಬೈರಿ" ಎನ್ನುತ್ತಿದ್ದ. ನನ್ನ ನಾಲಿಗೆ ಅಂಟಿಕೊಂಡಿತ್ತು.

ಮಾರ್ಚ್ ೧೮, ಮಂಗಳವಾರ

ರಜೆ ಹಾಕಿಸಿದ್ದಾರೆ. ಭಾಮೈದ ಬಂದು ಮಂಚದ ತುದಿಯಲ್ಲಿ ಕುಳಿತ. ನಗಲಿಲ್ಲ. ಅವನು ನಗದೆ ಇರುವುದನ್ನು ನಾನು ನೋಡಿದ್ದೇ ಕಡಿಮೆ.

"ಇನ್ನು ನಿಮ್ಮ ಜೊತೆ ಮೇಲೆ ಬರಲ್ಲ ಭಾವ."

"ಗಂಟೆ ಹೊಡೀಲಿಲ್ವಲ್ಲೋ!"

"ನಿಮ್ಮ ತೂಕಕ್ಕೆ ನಾನು ಯಾವತ್ತೂ ಹೆದರಿದೋನಲ್ಲ. ನಿಮ್ಮ ಹಸಿವಿಗೆ ಹೆದರ್ತೀನಿ. ತಿಂದು, ಕುಡಿದು, ಗಟ್ಟಿಯಾಗಿ ನಿಂತು ಗಂಟೆ ಹೊಡೀದೆ ಇರಬೇಕು. ಹಂಗೆ ಆದ್ರೆ ಬನ್ನಿ."

ಮೇಡಂ ಕೂಡ ಫೋನು ಮಾಡಿ, ಡಾಕ್ಟರು ಒಪ್ಪದೆ ತೊಟ್ಟಿಲ ಹತ್ತಿರ ಸುಳಿಯಬೇಡಿ ಎಂದಿದ್ದಾರೆ. ಇವಳು ಪುಡಿಯ ಡಬ್ಬವನ್ನು ಕಸಕ್ಕೆ ಹಾಕಿ ಬಂದು, ತಟ್ಟೆಗೆ ಅನ್ನ ಹಾಕಿ, ನನ್ನ ಪಕ್ಕದಲ್ಲಿ ಕುಳಿತಳು. ಉಂಡೆ. ಎರಡನೇ ಸಲ ಹಾಕಿಸಿಕೊಂಡೂ ಉಂಡೆ. ನನಗೆ ಅಳು ಬಂತು, ಹಸಿವಿಗೋ ಅವಮಾನಕ್ಕೋ ಗೊತ್ತಿಲ್ಲ.

ಮಾರ್ಚ್ ೨೨, ಶನಿವಾರ

ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಆಕೆಯೂ ನನ್ನ ಹಾಗೆ ದುಂಡಗಿದ್ದಾರೆ, ನೋಡಿದ ತಕ್ಷಣ ಅರ್ಧ ಧೈರ್ಯ ಬಂತು. ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಬ್ರೆಡ್ಡು ಮೊಟ್ಟೆ, ಮಧ್ಯಾಹ್ನ ಡಬ್ಬಿ, ರಾತ್ರಿ ಊಟ ಎಂದು ಸಾಧುವಿನ ಹಾಗೆ ಹೇಳಿದೆ.

ಇವಳು ಪಕ್ಕದಿಂದ ಶುರುಮಾಡಿದಳು. "ಮಗಳು ತಟ್ಟೆಯಲ್ಲಿ ಬಿಟ್ಟಿದ್ದು ಯಾರು ತಿಂತಾರೆ? ಪಾತ್ರೆ ತಳದ್ದು? ನಮ್ಮಮ್ಮ 'ಅಯ್ಯೋ ಹಾಳಾಗುತ್ತಲ್ಲ' ಅಂದಾಗೆಲ್ಲ ಯಾರು ತಟ್ಟೆ ಮುಂದೆ ಹಿಡೀತಾರೆ? ಟೀ ಜೊತೆ ಬಿಸ್ಕತ್ತು ಎಷ್ಟು?"

ಮನೆಯಲ್ಲಿ ಯಾರು ಏನು ಬಿಟ್ಟರೂ ಅದು ನನ್ನ ಪಾಲು, ನಿಜ. ಅತ್ತೆಗೆ ಅನ್ನ ಚೆಲ್ಲುವುದೆಂದರೆ ಜೀವ ಹೋದ ಹಾಗೆ. ನಾನು ಅವರ ಮನಸ್ಸು ನೋಯಿಸಬಾರದೆಂದು ತಿನ್ನುತ್ತಿದ್ದೆ. ಹಾಗೆಂದು ನಾನು ನಂಬಿದ್ದೆ, ಡಾಕ್ಟರಮ್ಮ ನಂಬಲಿಲ್ಲ.

ಅವರು ಚೀಟಿ ಬರೆಯಲಿಲ್ಲ. "ನಾನು ಹೇಳಿದ್ದನ್ನ ನೀವು ಒಂದು ವಾರ ಮಾಡ್ತೀರಿ, ಆಮೇಲೆ ನನಗೇ ಬೈತೀರಿ. ನೀವೇ ಆರಿಸಿ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ. ಇದನ್ನ ಮೊಮ್ಮಕ್ಕಳ ಕಾಲದಲ್ಲೂ ಮಾಡ್ತಿರ್ತೀನಾ? ಇಲ್ಲ ಅಂದ್ರೆ ಇವತ್ತೂ ಬೇಡ."

ಅಲ್ಲೇ ಕುಳಿತು ಚೌಕಾಸಿ ಮಾಡಿದೆವು. ಸಕ್ಕರೆ ಪೂರ್ತಿ ಬಿಡುವುದು? ಸಾಧ್ಯವೇ ಇಲ್ಲ, ಬೆಳಗಿನ ಟೀ ಸಿಹಿಯಾಗಿಯೇ ಇರಬೇಕು. ಬಿಸ್ಕತ್ತು? ಬಿಡಬಹುದು. ಉಳಿದದ್ದನ್ನು ಬಳಿದು ತಿನ್ನುವುದು? ಬಿಡಬೇಕು, ಅತ್ತೆಗೆ ಇವಳೇ ಹೇಳಬೇಕು. ತಟ್ಟೆಯ ಅರ್ಧ ತರಕಾರಿ? ಸರಿ. ಓಡುವುದು? ಡಾಕ್ಟರಮ್ಮನೇ ನಕ್ಕರು. ನಡೆಯುವುದು?

"ಒಬ್ಬನೇ ನಡೆಯೋಕೆ ಬೇಜಾರು," ಎಂದೆ.

"ನಾನು ದಿನಾ ಲಾಂಡ್ರಿಯಿಂದ ನಡ್ಕೊಂಡೇ ಬರ್ತೀನಲ್ಲ," ಎಂದಳು ಇವಳು. ಮದುವೆಯಾಗಿ ಇಷ್ಟು ವರ್ಷವಾಯಿತು, ಇವಳು ಕೆಲಸದಿಂದ ಬಸ್ಸಿನಲ್ಲಿ ಬರುತ್ತಾಳೆಂದೇ ನಾನು ತಿಳಿದಿದ್ದೆ.

ಮಾರ್ಚ್ ೨೪, ಸೋಮವಾರ

ತೊಟ್ಟಿಲಿನವರನ್ನು ಕಂಪನಿಯ ವ್ಯಾನು ಮನೆ ಬಾಗಿಲಿಗೆ ಬಿಡುತ್ತದೆ. ನೆಲದವರಿಗೆ ವ್ಯಾನಿಲ್ಲ. ಹಾಗಾಗಿ ಸಂಜೆ ಬ್ಯಾಂಕಿನ ಗಾಜು ಮುಗಿಸಿ ಲಾಂಡ್ರಿಯ ಗೇಟಿಗೆ ಹೋಗಿ ನಿಂತೆ. ಹೋಟೆಲುಗಳ ಹಾಸಿಗೆಯ ಬಟ್ಟೆ ಅಲ್ಲಿಗೆ ಬರುತ್ತದೆ, ಇವಳು ಇಸ್ತ್ರಿ ವಿಭಾಗ. ಹೊರಗೆ ಬಂದ ಹೆಂಗಸರೆಲ್ಲ ನನ್ನನ್ನು ನೋಡಿ ಪಿಸಿಪಿಸಿ ನಕ್ಕರು. ಇವಳ ಮುಖ ಕೆಂಪಾಯಿತು.

ಇವಳು ನಡೆಯುವುದಲ್ಲ, ಹಾರುವುದು. ಮುಕ್ಕಾಲು ಗಂಟೆಯ ದಾರಿ. ಮಾತಾಡಲು ಏನೂ ತೋಚಲಿಲ್ಲ, ತೋಚಿದ್ದರೂ ಉಸಿರಿರಲಿಲ್ಲ. ಸೇತುವೆಯ ಏರು ಮುಗಿಯುವಲ್ಲಿ ಒಂದು ಚಪ್ಪಲಿ ಅಂಗಡಿ ಇದೆ. ಅಲ್ಲಿ ಇವಳು ನಿಂತು ತುಂಬಾ ಹೊತ್ತು ಚಪ್ಪಲಿಗಳನ್ನು ನೋಡಿದಳು. ನಿಂತದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಅಲ್ಲೇ ಬಿದ್ದಿರುತ್ತಿದ್ದೆ.

ಏಪ್ರಿಲ್ ೨, ಬುಧವಾರ

ಉಳಿದದ್ದನ್ನು ಅಳಿಯನಿಗೆ ಬಡಿಸಬೇಡ ಎಂದು ಇವಳು ಹೇಳಿದ ದಿನದಿಂದ ಅತ್ತೆ ಮುಖ ಊದಿಸಿಕೊಂಡಿದ್ದರು. ಪಾತ್ರೆಯ ತಳ ನೋಡಿದಾಗಲೆಲ್ಲ ನಿಟ್ಟುಸಿರು. ಅಳತೆ ಕಡಿಮೆ ಮಾಡಿ ಎಂದರೆ, "ನನ್ನ ಕೈಗೆ ಇಷ್ಟೇ ಅಳತೆ ಗೊತ್ತು" ಎನ್ನುತ್ತಾರೆ. ನೆನ್ನೆ ಅವರಿಗೇ ದಾರಿ ಹೊಳೆಯಿತು. ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ, "ನನ್ನ ಮಗ ಒಬ್ಬನೇ ಇದ್ದಾನೆ, ಅವನಿಗೆ ಯಾರು ಮಾಡಿ ಹಾಕ್ತಾರೆ, ಹೋಗ್ತಾ ಕೊಟ್ಟುಬಿಡಿ" ಎಂದರು. ಭಾಮೈದನ ಕೋಣೆ ನನ್ನ ದಾರಿಯಲ್ಲೇ ಇದೆ. ಅನ್ನವೂ ಹಾಳಾಗುವುದಿಲ್ಲ, ನನ್ನ ಹೊಟ್ಟೆಗೂ ಹೋಗುವುದಿಲ್ಲ. ಎಲ್ಲರಿಗೂ ಸಮಾಧಾನ. ಇಷ್ಟು ಸುಲಭದ ಉಪಾಯ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಇವಳಿಗೆ ಚಪ್ಪಲಿಯ ಹುಚ್ಚು ಎಷ್ಟು ಹಿಡಿದಿದೆಯೆಂದರೆ ದಿನವೂ ಆ ಅಂಗಡಿಯ ಮುಂದೆ ನಿಲ್ಲುತ್ತಾಳೆ. ಒಂದು ದಿನವೂ ಕೊಳ್ಳುವುದಿಲ್ಲ.

ಏಪ್ರಿಲ್ ೧೭, ಗುರುವಾರ

ಸಿಟ್ಟು ಬಂದಿದೆ. ಔಷಧಿ ಅಂಗಡಿಯ ತೂಕದ ಯಂತ್ರ ಹೋದ ವಾರ ತೋರಿಸಿದ್ದನ್ನೇ ಈ ವಾರವೂ ತೋರಿಸುತ್ತಿದೆ. ಇಷ್ಟು ನಡೆದು, ಇಷ್ಟು ಸೊಪ್ಪು ಸದೆ ತಿಂದು, ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಜೂನ್ ಓಡಿಬರುತ್ತಿದೆ. ಕ್ಷೌರದಂಗಡಿಯ ಮುಂದೆ ಹೋಗುವಾಗ ಆ ಪುಡಿಯ ಡಬ್ಬಗಳು ಸಾಲಾಗಿ ನಿಂತು ನನ್ನನ್ನು ಕರೆದವು. ಒಳಗೆ ಹೋಗಿ ಬೆಲೆಯನ್ನೂ ಕೇಳಿದೆ.

ಸಂಜೆ ದಾರಿಯಲ್ಲಿ ಇವಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ.

"ತಗೊಳ್ಳಿ," ಎಂದಳು. "ಆದ್ರೆ ಡಾಕ್ಟರಮ್ಮ ಕೇಳಿದ್ರಲ್ಲ, ಆ ಪ್ರಶ್ನೆ ಒಂದ್ಸಲ ಕೇಳ್ಕೊಂಡು ತಗೊಳ್ಳಿ."

ಕೇಳಿಕೊಂಡೆ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಣ್ಣದ ನೀರು ಕುಡಿಯುತ್ತಿರುವ ನನ್ನ ಚಿತ್ರ ಕಣ್ಣಿಗೆ ಬಂತು. ಮಗಳ ಬಿಸ್ಕತ್ತಿನ ಪೊಟ್ಟಣವೂ ನೆನಪಾಗಿ ನಾಚಿಕೆಯಾಯಿತು. ಮನೆಗೆ ಬಂದು ಅವಳನ್ನು ಕೂಗಿ ಒಂದು ಪೊಟ್ಟಣ ಕೊಟ್ಟೆ. ಅವಳು ಅನುಮಾನದಿಂದ ನೋಡಿ, "ಸದ್ದು ಮಾಡ್ಕೊಂಡು ತಿನ್ನಬಹುದಾ?" ಎಂದಳು. ತಿನ್ನು ತಾಯಿ ಎಂದೆ.

ಮೇ ೮, ಗುರುವಾರ

ಲಾಂಡ್ರಿಯಲ್ಲಿ ಇವತ್ತು ದೊಡ್ಡ ರಾದ್ಧಾಂತ. ದಿಂಬಿನ ಚೀಲದೊಳಗೆ ಒಂದು ಜೊತೆ ಹಲ್ಲಿನ ಸೆಟ್ಟು ಸಿಕ್ಕಿತಂತೆ. ಯಾವ ಹೋಟೆಲಿನದು ಎಂದು ಗೊತ್ತಿಲ್ಲ. ಇವಳ ಮೇಲಿನವಳು, ಸದಾ ಕೆಮ್ಮುವ ಸೂಪರ್‌ವೈಸರ್, ಅದನ್ನು ಮೇಜಿನ ಮೇಲಿಟ್ಟು ಎಲ್ಲ ಹೋಟೆಲುಗಳಿಗೂ ಫೋನು ಮಾಡಿ, "ನಿಮ್ಮಲ್ಲಿ ಯಾರಾದ್ರೂ ಬೆಳಿಗ್ಗೆಯಿಂದ ಮಾತು ಕಡಿಮೆ ಮಾಡಿದಾರಾ?" ಎಂದು ಕೇಳಿದಳಂತೆ. ಇವಳು ಅವಳ ಹಾಗೇ ಕೆಮ್ಮಿ ತೋರಿಸಿದಳು. ನಾನು ಸೇತುವೆಯ ಮೇಲೆ ಕಂಬಿ ಹಿಡಿದುಕೊಂಡು ನಕ್ಕೆ. ದಾರಿಯಲ್ಲಿ ಹೋಗುವವರು ನಮ್ಮನ್ನು ನೋಡಿಕೊಂಡು ಹೋದರು.

ಇವಳು ಇಷ್ಟು ಚೆನ್ನಾಗಿ ಅಣಕಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮಡಚುವ ವಿಭಾಗದ ಅಕ್ಕನ ಮಗಳ ಮದುವೆ ಯಾಕೆ ಮುಂದೆ ಹೋಯಿತು, ಯಂತ್ರದ ಹತ್ತಿರದ ಮುದುಕ ಯಾರ ಜೊತೆ ಮಾತು ಬಿಟ್ಟಿದ್ದಾನೆ, ಎಲ್ಲ ನನಗೀಗ ಬಾಯಿಪಾಠ. ನೆನ್ನೆಯ ಕಥೆ ಅರ್ಧಕ್ಕೆ ನಿಂತಿದ್ದರೆ ಇವತ್ತು ಬ್ಯಾಂಕಿನ ಗಾಜು ಒರೆಸುವಾಗಲೂ ಅದೇ ಯೋಚನೆ.

ಚಪ್ಪಲಿಯ ಹುಚ್ಚು ಬಿಟ್ಟ ಹಾಗಿದೆ. ಈಗ ಆ ಅಂಗಡಿಯ ಮುಂದೆ ಇವಳು ನಿಲ್ಲುವುದೇ ಇಲ್ಲ.

ಮೇ ೨೫, ಭಾನುವಾರ

ಮಗಳ ಹುಟ್ಟುಹಬ್ಬ. ಕೇಕು ತಿಂದೆ, ಒಂದಲ್ಲ, ಎರಡು ತುಂಡು. ಚೆನ್ನಾಗಿತ್ತು. ಮೂರನೆಯದನ್ನು ಅತ್ತೆ ಮುಂದೆ ಹಿಡಿದಾಗ ಬೇಡವೆನಿಸಿತು, ಬೇಡ ಎಂದೆ. ಅಷ್ಟೇ.

ಭಾಮೈದ ಬಂದಿದ್ದ. ಮೈಗೆ ಒಳ್ಳೆಯ ಕಳೆ ಬಂದಿದೆ. ಕೆನ್ನೆಗಳು ತುಂಬಿ ಹೊಳೆಯುತ್ತಿವೆ. ಅಮ್ಮನ ಕೈಯೂಟ ದಿನಾ ಸಿಗುತ್ತಿದ್ದರೆ ಹಾಗೇ. ಉಳಿದ ಅರ್ಧ ಕೇಕನ್ನು ಅತ್ತೆ ಅವನ ಡಬ್ಬಿಗೇ ಹಾಕಿದರು.

ಡಾಕ್ಟರಮ್ಮ ಹೋದ ವಾರ ನಾಡಿ, ರಕ್ತ ಎಲ್ಲ ನೋಡಿ, ಹತ್ತಬಹುದು ಎಂದು ಬರೆದುಕೊಟ್ಟರು. ತೂಕದ ಯಂತ್ರವನ್ನೂ ಹತ್ತಿಸಿದರು. ಎಷ್ಟಿತ್ತು? ಬರೆಯೋಣವೆಂದು ಕುಳಿತರೆ ನೆನಪಾಗುತ್ತಿಲ್ಲ. ಇಳಿದಿದೆ ಎಂದರು.

ಜೂನ್ ೮, ಭಾನುವಾರ

ನಾಳೆ ಹತ್ತಬೇಕು. ಮೇಡಂ ಹೇಳಿದ್ದಾರೆ, ಇದೇ ಕೊನೆ. ಗಂಟೆ ಹೊಡೆದರೆ ಉಗ್ರಾಣದ ಬೀಗದ ಕೈ ನನ್ನ ಕೈಗೆ. ಬೆಳಿಗ್ಗೆ ತಿಂಡಿ ತಿಂದು, ಹೊಟ್ಟೆ ತುಂಬ ನೀರು ಕುಡಿದೇ ಹತ್ತುವುದು ಎಂದು ಭಾಮೈದನಿಗೆ ಮಾತು ಕೊಟ್ಟಿದ್ದೇನೆ. ಗಂಟೆ ಹೊಡೆದರೆ ಹೊಡೆಯಲಿ. ಹಾಗೆಂದು ಬರೆಯುತ್ತೇನೆ, ಆದರೆ ಹೊಡೆಯದಿರಲಿ ದೇವರೇ.

ಇವಳು ಬೆಳಿಗ್ಗೆಯಿಂದ ಮಂಕಾಗಿದ್ದಾಳೆ. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. "ನಾಳೆಯಿಂದ ಮತ್ತೆ ವ್ಯಾನ್ ಮನೆವರೆಗೂ ಬರುತ್ತಾ?" ಎಂದು ಕೇಳಿದಳು. ಗೆದ್ದರೆ ಬರುತ್ತದೆ ಎಂದೆ. "ಗೆಲ್ತೀರಿ ಬಿಡಿ," ಎಂದು ಎದ್ದುಹೋದಳು. ನನಗಿಂತ ಇವಳಿಗೇ ಹೆದರಿಕೆ ಹೆಚ್ಚಾದ ಹಾಗಿದೆ, ಪಾಪ.

ಜೂನ್ ೯, ಸೋಮವಾರ

ಎಲ್ಲಿಂದ ಶುರುಮಾಡಲಿ?

ಗಂಟೆ ಹೊಡೆಯಿತು.

ನಾನು, ಭಾಮೈದ, ಎರಡು ಬಕೆಟ್ ನೀರು. ಹತ್ತಿದ್ದೇ ತಡ, ಮಾರ್ಚ್‌ನಲ್ಲಿ ಹೊಡೆದ ಹಾಗೇ ಬಡಿದುಕೊಂಡಿತು. ನನ್ನ ಜೀವವೇ ಹಾರಿಹೋಯಿತು. ಕೆಳಗೆ ನಿಂತವರೆಲ್ಲ ಮತ್ತೆ ನನ್ನ ಹೊಟ್ಟೆ ನೋಡಿದರು. ನಾನೂ ನೋಡಿಕೊಂಡೆ. ಇಷ್ಟು ದಿನ ನಡೆದದ್ದು, ಬಿಟ್ಟದ್ದು, ತರಕಾರಿ, ಎಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಂಡೆ.

ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ, "ಡಾಕ್ಟರ್ ಪತ್ರದಲ್ಲಿ ಬೇರೆ ಲೆಕ್ಕ ಇದೆಯಲ್ಲ. ಇಬ್ಬರೂ ಇಳೀರಿ, ಒಬ್ಬೊಬ್ಬರೇ ತೂಗ್ತೀನಿ," ಎಂದರು. ಮೂಟೆ ತೂಗುವ ಯಂತ್ರ ತರಿಸಿದರು. ಮೊದಲು ನಾನು. ಮಾರ್ಚ್‌ಗಿಂತ ಎಂಟು ಕೆಜಿ ಕಡಿಮೆ! ಆಮೇಲೆ ಭಾಮೈದ ಹತ್ತಿದ. ಮೇಡಂ ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನೀವು ಆರು ಕೆಜಿ ಜಾಸ್ತಿ ಆಗಿದೀರಲ್ರೀ!"

ಕಡ್ಡಿ ಮೊದಲು ನಕ್ಕ, ಆಮೇಲೆ ಎಲ್ಲರೂ. ಕಡ್ಡಿಯ ಜೊತೆ ಹೋಗುವಾಗ ಆ ಆರು ಕೆಜಿ ಯಾರಿಗೂ ಗೊತ್ತೇ ಆಗಿರಲಿಲ್ಲ, ಕಡ್ಡಿಯಲ್ಲಿ ತೂಕವೆನ್ನುವುದು ಎಲ್ಲಿದೆ? ಮಾರ್ಚ್‌ನಲ್ಲಿ ನನ್ನನ್ನು ನೋಡಿ ನಕ್ಕಿದ್ದವನು ಈಗ ನೆಲ ನೋಡುತ್ತಾ ಅಂಗಿಯನ್ನು ಕೆಳಗೆಳೆದುಕೊಳ್ಳುತ್ತಿದ್ದ. ಇದೇ ಸಮಯ, ಇವನನ್ನು ಹಿಡಿದು ರುಬ್ಬಬೇಕು ಎಂದು ಬಾಯಿ ತೆರೆದೆ. ಆದರೆ ಅವನ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು.

"ತಪ್ಪು ನಂದು ಮೇಡಂ," ಎಂದೆ. "ನಾನು ತಿನ್ನೋದು ಬಿಟ್ಟಿದ್ದನ್ನೆಲ್ಲ ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಹೊತ್ಕೊಂಡು ಹೋಗಿ ಇವನಿಗೆ ಕೊಟ್ಟೋನು ನಾನೇ."

"ಅಂದ್ರೆ ತೂಕ ಎಲ್ಲೂ ಹೋಗಿಲ್ಲ, ಮನೇಲೇ ಇದೆ," ಎಂದರು ಮೇಡಂ. ಅವರು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು. ತೀರ್ಮಾನವೂ ಕೊಟ್ಟರು. ನಾನು ಮೇಲೆ, ಕಡ್ಡಿಯ ಜೊತೆ. ಭಾಮೈದ ನೆಲಕ್ಕೆ, ಅವನ ಜಾಗವನ್ನು ಸೆಪ್ಟೆಂಬರ್‌ವರೆಗೆ ಕಾದಿಡುತ್ತಾರೆ.

"ಭಾವ, ಆ ಬ್ಯಾಂಕ್ ಗಾಜು ಒರೆಸೋದು ತುಂಬಾ ಕಷ್ಟನಾ?" ಎಂದ ಭಾಮೈದ, ಸಣ್ಣ ದನಿಯಲ್ಲಿ.

"ಕಷ್ಟ ಏನಿಲ್ಲ ಕಣೋ. ಸಂಜೆ ನಮ್ಮ ಜೊತೆ ನಡಿ, ಎಲ್ಲ ಹೇಳಿಕೊಡ್ತೀನಿ."

ಮೇಲೆ ಹೋದೆ. ಏನೆಂದು ಬರೆಯುವುದು! ಗಾಳಿ ಅಂಗಿಯೊಳಗೆ ತುಂಬಿಕೊಂಡಿತು. ಕೈ ಒಂದಿಷ್ಟೂ ನಡುಗಲಿಲ್ಲ. ಇಪ್ಪತ್ತನೇ ಮಹಡಿಯಿಂದ ನೋಡಿದರೆ ನಮ್ಮ ಸೇತುವೆ ಕಂಡಿತು, ಅದರಾಚೆ ಲಾಂಡ್ರಿಯ ಚಿಮಣಿ. ಇಷ್ಟು ವರ್ಷ ಅಲ್ಲಿಂದಲೇ ನೋಡುತ್ತಿದ್ದೆ, ಆ ಚಿಮಣಿ ಯಾವುದರದ್ದೆಂದು ಒಂದು ದಿನವೂ ಕೇಳಿರಲಿಲ್ಲ. ಕಡ್ಡಿಗೆ ತೋರಿಸಿ, "ಅದೇ ನಮ್ಮ ಮನೆಯವಳ ಲಾಂಡ್ರಿ" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ತೋರಿಸಿದೆ. ಮೂರನೇ ಸಲಕ್ಕೆ ಅವನು, "ಗೊತ್ತಾಯ್ತಣ್ಣ, ಲಾಂಡ್ರಿ" ಎಂದ.

ಸಂಜೆ ವ್ಯಾನು ಹತ್ತಿದೆ. ಲಾಂಡ್ರಿಯ ಬೀದಿ ಬಂದಾಗ ನಿಲ್ಲಿಸಿ ಎಂದು ಇಳಿದೆ. ಮನೆ ಇನ್ನೂ ದೂರ ಇದೆಯಲ್ಲ ಎಂದು ಡ್ರೈವರ್ ಗೊಣಗಿದ.

ಇವಳು ಗೇಟಿನಿಂದ ಹೊರಗೆ ಬಂದವಳು ನನ್ನನ್ನು ನೋಡಿ ನಿಂತಲ್ಲೇ ನಿಂತಳು. ಮುಖ ಬಾಡಿತು. ಓಡಿಬಂದು ತೋಳು ಹಿಡಿದುಕೊಂಡಳು. "ಅಯ್ಯೋ, ಗಂಟೆ ಹೊಡೀತೇನ್ರೀ? ಹೋಗ್ಲಿ ಬಿಡಿ. ಉಗ್ರಾಣ ಆದ್ರೇನಂತೆ, ಕೆಲಸ ಕೆಲಸವೇ."

"ಹೊಡೀತು. ಆದ್ರೆ ನನಗಲ್ಲ ಕಣೇ, ನಿನ್ನ ತಮ್ಮನಿಗೆ. ನಾನು ಇಪ್ಪತ್ತನೇ ಮಹಡಿಗೆ ಹೋಗಿಬಂದೆ."

"ಗೆದ್ರಾ?" ಎಂದಳು. "ಮತ್ತೆ ಇಲ್ಯಾಕೆ ನಿಂತಿದೀರಿ? ವ್ಯಾನ್ ಬರಲಿಲ್ವಾ?"

"ಬಂತು. ಇಲ್ಲೇ ಇಳಿದೆ."

"ಯಾಕೆ?"

ಇದೆಂಥ ಪ್ರಶ್ನೆ? "ಮನೆಗೆ ಹೋಗಬೇಡ್ವಾ?" ಎಂದೆ. "ಮೊನ್ನೆ ಆ ಮುದುಕನ ಕಥೆ ಅರ್ಧಕ್ಕೆ ನಿಲ್ಲಿಸಿದ್ಯಲ್ಲ. ಅವನು ಕ್ಷಮೆ ಕೇಳಿದ್ನಾ ಇಲ್ವಾ?"

ಇವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಲೂ ಇದ್ದಳು. ಸೇತುವೆಯ ಏರು ಮುಗಿದ ಮೇಲೆ ಹೇಳಿದಳು, "ನಿಮಗೊಂದು ಮಾತು ಹೇಳ್ತೀನಿ, ಬೈಬೇಡಿ. ನೆನ್ನೆ ದೇವರ ಮುಂದೆ ನಿಂತಾಗ, ನೀವು ಗೆಲ್ಲಲಿ ಅಂತ ಬೇಡ್ಕೊಂಡೆ. ಬೇಡ್ಕೊಂಡು ತಿರುಗೋಷ್ಟರಲ್ಲಿ, ಸೋತ್ರೂ ಪರವಾಗಿಲ್ಲ, ಸಂಜೆ ಬರ್ತಾರಲ್ಲ ಅಂತ ಮನಸ್ಸಿಗೆ ಬಂತು. ಪಾಪಿ ನಾನು."

ಕೈ ಹಿಡಿದುಕೊಂಡೆ. ಬೀದಿಯಲ್ಲಿ ಹೀಗೆ ಹಿಡಿದು ಎಷ್ಟು ಕಾಲವಾಗಿತ್ತೋ. ಇಸ್ತ್ರಿಯ ಬಿಸಿ ಇನ್ನೂ ಬೆರಳುಗಳಲ್ಲಿತ್ತು.

ಆಮೇಲೆ ನೆನಪಾಗಿ ಹೇಳಿದೆ, "ನಾಳೆಯಿಂದ ನಿನ್ನ ತಮ್ಮನೂ ನಮ್ಮ ಜೊತೆ ನಡೀತಾನೆ. ಬಾ ಅಂದುಬಿಟ್ಟಿದೀನಿ. ಪಾಪ, ಅವನೂ ಇಳಿಸಬೇಕಲ್ಲ."

ಇವಳು ನಿಂತಳು. ತನ್ನ ತಮ್ಮನೆಂದರೆ ಜೀವ ಬಿಡುವವಳು, ಅವನಿಗೆ ನೆಗಡಿಯಾದರೆ ತಾನು ಕಷಾಯ ಕುಡಿಯುವವಳು, ನನ್ನ ಕೈ ಬಿಡದೆ ಹೇಳಿದಳು:

"ಅವನು ಬೆಳಿಗ್ಗೆ ನಡೀಲಿ. ಸಂಜೆ ನಂದು."